ಮಮದಾಪುರದ ಕೆರೆಗೆ ಕಟ್ಟಿದ ನೊಣ

ಪಂಚಮಿ ಹತ್ತಿರ ಬಂದಿತೆಂದರೆ ನಮ್ಮೂರಿನ ಗಾಂಧಿ ಚೌಕದ ಹಿಂದಿನ ಗಲ್ಲಿಗಳಲ್ಲಿ ಜೋಳದ ಅಳ್ಳು ಹುರಿಯುವ ವಾಸನೆ ಏಳುತ್ತದೆ. ಕಾದ ಬಾಣಲೆಯಲ್ಲಿ ಜೋಳ ಪಟಪಟ ಸಿಡಿದು ಬೆಳ್ಳಗೆ ಅರಳುವಾಗ ಬರುವ ವಾಸನೆ ಅದು, ಸ್ವಲ್ಪ ಸಿಹಿ, ಸ್ವಲ್ಪ ಕರಕು. ಈಗ ಮನೆಯಲ್ಲಿ ಹುರಿಯುವವರು ಕಡಿಮೆ. ಅಂಗಡಿಯವರೇ ಭಟ್ಟಿ ಹಚ್ಚಿ ಚೀಲಗಟ್ಟಲೆ ಹುರಿದು ಮಾರುತ್ತಾರೆ. ಮೊನ್ನೆ ಕನ್ನಡಕ ರಿಪೇರಿಗೆಂದು ಹೋದವನು ಅಂಥದೊಂದು ಭಟ್ಟಿಯ ಮುಂದೆ ಸುಮ್ಮನೆ ನಿಂತುಬಿಟ್ಟೆ. ಅಂಗಡಿಯವನು "ಎಷ್ಟ ಕಟ್ಲಿರಿ ಅಜ್ಜಾರ?" ಎಂದ. ಏನೂ ಬೇಡವೆಂದು ಕೈ ಆಡಿಸಿದೆ. ಬೇರೆಯವರಿಗೆ ಆ ವಾಸನೆಯಿಂದ ಜೋಕಾಲಿ ನೆನಪಾಗಬಹುದು, ತವರುಮನೆ ನೆನಪಾಗಬಹುದು. ನನಗೆ ನೆನಪಾಗುವುದು ನಾರಾಯಣ ಮಾವನ ಮೋರೆ, ಅದೂ ಅದು ಇಳಿದುಹೋದ ದಿನದ ಮೋರೆ. ಈ ವಯಸ್ಸಿನಲ್ಲೂ ಅದನ್ನು ನೆನೆದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ.

ಆಗಿನ್ನೂ ಅರವತ್ತರ ದಶಕದ ಆರಂಭ. ನಮ್ಮದು ಸರ ಪೋಣಿಸುವ ಮನೆತನ. ಅಕ್ಕಸಾಲಿಗರು ಗುಂಡು, ಮಣಿ, ಪದಕ ಮಾಡಿಕೊಟ್ಟರೆ ಅವನ್ನು ರೇಷ್ಮೆ ದಾರದಲ್ಲಿ ಪೋಣಿಸಿ, ನಡುನಡುವೆ ಗಂಟು ಬಿಗಿದು, ಹಿಂದೆ ಗೊಂಡೆ ಕಟ್ಟಿ ಕೊರಳಿಗೇರುವ ಹಾಗೆ ಮಾಡುವುದು ನಮ್ಮ ಕೆಲಸ. ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ತುದಿಯನ್ನು ಬೆರಳುಗಳಲ್ಲಿ ಹಿಡಿದು ದಿನವಿಡೀ ಕೂತಿರಬೇಕು. ಅಪ್ಪ ಕೂತಿರುತ್ತಿದ್ದ, ಪಕ್ಕದಲ್ಲಿ ನಾನು. ಆದರೆ ಮನೆಯಲ್ಲಿ ಎಲ್ಲರಿಗಿಂತ ಚೊಕ್ಕ ಕೈ ನನ್ನ ಅಕ್ಕ ಕಸ್ತೂರಿಯದು. ಅವಳ ಮದುವೆಗೆ ಮುಂಚೆ, ಲಗ್ನಸರಾಯಿಯಲ್ಲಿ ತಾಳಿ ಪೋಣಿಸಲು ಜನ ಅಕ್ಕನನ್ನೇ ಕೇಳಿಕೊಂಡು ಬರುತ್ತಿದ್ದರು.

ನೊಣ ಕಟ್ಟುವುದನ್ನು ನನಗೆ ಕಲಿಸಿದವರು ರೈಲ್ವೆ ಗಾರ್ಡ್ ಪಿಂಟೋ ಸಾಹೇಬರು. ಸ್ಟೇಷನ್ ರಸ್ತೆಯ ಆಚೆ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದರು. ಒಂದು ದಿನ ಸಪೂರ ರೇಷ್ಮೆ ದಾರ ಬೇಕೆಂದು ಅಂಗಡಿಗೆ ಬಂದವರು, ಜೇಬಿನಿಂದ ಸಣ್ಣ ಗಾಳದ ಕೊಕ್ಕೆಯೊಂದನ್ನು ತೆಗೆದು ಅದರ ಮೇಲೆ ಕೋಳಿಗರಿ ಸುತ್ತಿ ತೋರಿಸಿದರು. ಎರೆಹುಳ ಇಲ್ಲ, ಹಿಟ್ಟಿನ ಉಂಡೆ ಇಲ್ಲ. ಗರಿಯನ್ನೇ ನೊಣವೆಂದು ತಿಳಿದು ಮೀನು ಬಾಯಿ ಹಾಕುತ್ತದಂತೆ. ಅವರು ಅದಕ್ಕೆ 'ಫ್ಲೈ' ಅಂದರು, ನಾನು 'ನೊಣ' ಅಂದೆ. ಗಂಟು ಹಾಕುವುದು ನಮ್ಮ ಕಸುಬೇ, ಬೇಗ ಕಲಿತು ಅವರಿಗೆ ಗಂಟುಬಿದ್ದೆ. ಅವರಿಗೆ ಗದಗಿಗೆ ವರ್ಗವಾದಾಗ ತಮ್ಮ ಹಳೆಯ ಬಿದಿರಿನ ಕೋಲು, ದಾರ ಸುತ್ತುವ ಗಾಲಿ, ಒಂದು ಪುಡಿಕೆ ಕೊಕ್ಕೆ ಎಲ್ಲ ನನಗೇ ಕೊಟ್ಟು ಹೋದರು. ಅಪ್ಪನ ಹಳೆಯ ಎಲೆಯಡಿಕೆ ಡಬ್ಬಿ ನನ್ನ ನೊಣಗಳ ಡಬ್ಬಿಯಾಯಿತು. ಹುಂಜದ ಕುತ್ತಿಗೆಯ ಗರಿಯದು, ನವಿಲುಗರಿಯ ಎಳೆಯದು, ಮೇಕೆಯ ಗಡ್ಡದ ಕೂದಲಿನದು, ಜರಿ ಸುತ್ತಿದ್ದು. ರಜೆಯ ದಿನ ಹಳ್ಳಕ್ಕೋ ಕೆರೆಗೋ ಹೋಗಿ, ಡಬ್ಬಿ ತೆರೆದು, ಇವತ್ತು ಯಾವುದು ಎಂದು ಯೋಚಿಸುತ್ತ ಕೂಡುವುದೇ ಮೀನು ಹಿಡಿಯುವುದಕ್ಕಿಂತ ದೊಡ್ಡ ಖುಷಿಯಾಗಿತ್ತು. ಬೆಳಕು, ಗಾಳಿ, ನೀರಿನ ಬಣ್ಣ ನೋಡಿ ಒಂದನ್ನು ಆರಿಸಬೇಕು. ಆ ವರ್ಷದವರೆಗೆ ಅದು ಬರೀ ಆಟ.

ಅಕ್ಕನನ್ನು ಮಮದಾಪುರಕ್ಕೆ ಕೊಟ್ಟಿದ್ದೆವು. ಅಕ್ಕನ ಗಂಡನನ್ನು ನಮ್ಮ ಕಡೆ ಮಾವ ಎನ್ನುತ್ತೇವೆ. ಈ ನಾರಾಯಣ ಮಾವನಿಗೆ ಬಬಲೇಶ್ವರದಲ್ಲಿ ಬಳೆ-ದಾರದ ಅಂಗಡಿ, ಮಮದಾಪುರದಲ್ಲಿ ದೊಡ್ಡ ಕೆರೆಯ ದಂಡೆಗೇ ಮನೆ. ಮಾತು ಬೆಣ್ಣೆ, ಹಣೆಗೆ ಗಂಧ, ದಾರಿಯಲ್ಲಿ ಸಿಕ್ಕವರಿಗೆಲ್ಲ ನಮಸ್ಕಾರ. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಸೊಲ್ಲಾಪುರದ ಕಡೆಯ ಒಂದು ಹುಡುಗಿಯ ಮೇಲೆ ಅವನ ಕಣ್ಣು ಬಿದ್ದಿತ್ತು. ಆ ಬೇಸಿಗೆಯಲ್ಲಿ, ಓಣಿಯವರೆಲ್ಲ ಸಂತೆಗೆ ಹೋದ ಮಧ್ಯಾಹ್ನ ನೋಡಿಕೊಂಡು, ಅಕ್ಕನ ಟ್ರಂಕನ್ನು ಬೀದಿಗಿಟ್ಟು ಒಳಗಿನಿಂದ ಅಗಳಿ ಹಾಕಿಕೊಂಡ. ಅಕ್ಕ ಬಾಗಿಲು ಬಡಿದು ಬಡಿದು ಸಾಕಾಗಿ, ಟ್ರಂಕು ಹೊತ್ತುಕೊಂಡು ಬಬಲೇಶ್ವರದ ತನಕ ನಡೆದು ಬಸ್ಸು ಹತ್ತಿದಳು. ಮನೆಗೆ ಬಂದಾಗ ಅಂಗೈಯ ಬದಿ ಬಾತುಕೊಂಡಿತ್ತು.

ಮರುದಿನವೇ ಅವನು ಊರ ತುಂಬ ಹೇಳಿದ, ಹೆಂಡತಿ ತಾನೇ ಮನೆ ಬಿಟ್ಟು ಹೋದಳೆಂದು. ಈ ಮಾತಿನ ವ್ಯತ್ಯಾಸ ಹೊರಗಿನವರಿಗೆ ಸಣ್ಣದಾಗಿ ಕಾಣಬಹುದು. ನಮ್ಮ ಮಂದಿಯಲ್ಲಿ ಹಾಗಲ್ಲ. ಗಂಡ ಹೊರಗೆ ಹಾಕಿದ ಹೆಣ್ಣಿಗೆ ದೋಷವಿಲ್ಲ, ಪಾಪ ಅವನಿಗೆ. ಆದರೆ ಗಂಡನ ಮನೆ ತಾನಾಗಿ ಬಿಟ್ಟು ಬಂದವಳು ತಾಳಿಯ ದಾರ ಮುಟ್ಟಬಾರದು. ಅವಳು ಪೋಣಿಸಿದ ತಾಳಿಯನ್ನು ಯಾವ ಮನೆಯವರೂ ಕಟ್ಟಿಸಿಕೊಳ್ಳುವುದಿಲ್ಲ. ಅಕ್ಕನಿಗೆ ಇದ್ದದ್ದು ಅದೊಂದು ಕೈಗೆಲಸ. ಇನ್ನು ಅವನಿಗೋ, ಅವಳೇ ಬಿಟ್ಟು ಹೋದಳೆಂದು ತೀರ್ಮಾನವಾದರೆ ಇನ್ನೊಂದು ಮದುವೆಗೆ ಹಿರಿಯರ ಒಪ್ಪಿಗೆ ಸಿಗುತ್ತಿತ್ತು. ಒಂದೇ ಸುಳ್ಳಿನಲ್ಲಿ ಎರಡು ಕೆಲಸ.

"ನಂಗ ಅವನ ಮನೀನೂ ಬ್ಯಾಡ, ಅವನೂ ಬ್ಯಾಡ," ಎಂದಳು ಅಕ್ಕ. "ಬಾಗಲಾ ಹಾಕ್ಕೊಂಡಾಂವ ನಾನಽ ಅಂತ ದೈವದ ಮುಂದ ಒಂದ ಮಾತ ಹೇಳಲಿ. ಅಷ್ಟಽ ಸಾಕು."

ದೈವ ಎಂದರೆ ನಮ್ಮಲ್ಲಿ ಕೂಡಿದ ಹಿರಿಯರು. ಅವರಲ್ಲಿ ಮುಖ್ಯನಾದವನು ತಿಕೋಟಾದ ಕೃಷ್ಣಪ್ಪ ಕಾಕಾ. ಅಪ್ಪ ಅವನಲ್ಲಿಗೆ ಹೋಗಿ ಕೈಮುಗಿದ. ಎಲ್ಲರೂ ಮಮದಾಪುರಕ್ಕೆ ಬಂದರು, ಅಪ್ಪನ ಜೊತೆ ನಾನೂ. ಮಾವ ಅವರಿಗೆ ಹೋಳಿಗೆಯ ಊಟ ಹಾಕಿ, ಎಲೆಯಡಿಕೆ ಕೊಟ್ಟು, ಗಾಳಿಗೆ ಕೂಡೋಣವೆಂದು ಕೆರೆಯ ಮೆಟ್ಟಿಲಿಗೆ ಕರೆದೊಯ್ದ. ಕೈಯಲ್ಲಿ ಒಂದು ಬುಟ್ಟಿ ಅಳ್ಳು.

ಕೊನೆಯ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು ಚಪ್ಪಾಳೆ ತಟ್ಟಿ ಅಳ್ಳು ಎರಚಿದ. ನೀರು ಕುದಿಯುವ ಹಾಗೆ ಮೀನು ಎದ್ದವು. ಸರ್ಕಾರದವರು ಹಿಂದೆ ಮರಿ ಬಿಟ್ಟಿದ್ದ ಕಾಟ್ಲಾ ಮೀನು, ಬಲಿತು ದಿಂಡಾಗಿದ್ದವು. ನಡುವೆ ಎಲ್ಲಕ್ಕಿಂತ ದೊಡ್ಡದೊಂದು, ಹಣೆಯ ಮೇಲೆ ಕುಂಕುಮದ ಜಾಗದಲ್ಲಿ ಬಿಳಿ ಕಲೆ ಇದ್ದದ್ದು, ಮೆಲ್ಲಗೆ ತೇಲಿ ಬಂದು ಅವನ ಅಂಗೈಯಿಂದಲೇ ಅಳ್ಳು ಹೀರಿಕೊಂಡಿತು. ಹಿರಿಯರು ಬಾಯಿ ತೆರೆದು ನೋಡಿದರು.

"ಹೊರಗ ಹಾಕಿಲ್ರಿ ನಾನು," ಎಂದ ಮಾವ, ಕೈ ನೀರಿನಲ್ಲೇ ಇಟ್ಟುಕೊಂಡು. "ಆಕಿ ತಾನಽ ಸಿಟ್ಟಿಗೆದ್ದ ಹೋಗ್ಯಾಳ. ನಾ ಸುಳ್ಳ ಮನಷ್ಯಾ ಆಗಿದ್ರ ಈ ಮೂಕ ಜೀವ ನನ್ನ ಕೈಯಾಗ ತಿಂತಿದ್ದುವೇನ್ರಿ? ನೀವಽ ನೋಡ್ರಿ."

"ಇದಕ್ಕಿಂತ ದೊಡ್ಡ ಸಾಕ್ಷಿ ಏನ ಬೇಕು?" ಎಂದ ಕೃಷ್ಣಪ್ಪ ಕಾಕಾ. ಆದರೂ ಹೆಣ್ಣುಮಗಳ ವಿಷಯ, ಅವಸರ ಬೇಡ, ಶ್ರಾವಣದ ನೂಲ ಹುಣ್ಣಿಮೆಗೆ ಮತ್ತೆ ಕೂಡಿ ಮುಗಿಸೋಣವೆಂದ. ಮುಗಿಸುವುದೂ ಈ ಮೆಟ್ಟಿಲ ಮೇಲೆಯೇ ಆಗಲಿ ಎಂದು ಮಾವ ಕೇಳಿಕೊಂಡ. ಅಪ್ಪ ತಲೆ ತಗ್ಗಿಸಿ "ಹೂಂ" ಅಂದ. ನಮ್ಮಪ್ಪ ತಲೆ ತಗ್ಗಿಸುವುದರಲ್ಲಿ ಯಾರಿಗೂ ಸೋತವನಲ್ಲ. ಬಸ್ಸಿನಲ್ಲಿ ಕೂತು ಒಂದೇ ಯೋಚನೆ ಮಾಡಿದೆ. ಮನುಷ್ಯರ ಸಾಕ್ಷಿಯಾಗಿದ್ದರೆ ಜಗಳ ತೆಗೆಯಬಹುದಿತ್ತು. ಮೀನಿನ ಸಾಕ್ಷಿಯನ್ನು ಏನು ಮಾಡಬೇಕೋ ಅದು ನನಗೆ ಗೊತ್ತಿತ್ತು.

ಆ ವರ್ಷ ಆಷಾಢದಲ್ಲಿ ಮಳೆ ಬಿಟ್ಟುಬಿಟ್ಟು ಬಂತು. ಎರೆಯ ನೆಲ ಸೈಕಲ್ಲಿನ ಗಾಲಿಗೆ ಮೆತ್ತಿಕೊಂಡು, ತಿರುಗದ ಹಾಗಾದಾಗ ಇಳಿದು ಕಡ್ಡಿಯಿಂದ ಕೆರೆದು ಮತ್ತೆ ಹತ್ತಬೇಕು. ರಜೆ ಸಿಕ್ಕಾಗಲೆಲ್ಲ ಹೀಗೆ ಮಮದಾಪುರಕ್ಕೆ ಹೋದೆ. ಮಾವನ ಮನೆಯ ಕಡೆ ಸುಳಿಯದೆ ಕೆರೆಯ ಇನ್ನೊಂದು ಮಗ್ಗುಲಲ್ಲಿ, ಹಳೆಯ ತೂಬಿನ ಹತ್ತಿರ ಜಾಲಿಗಿಡದ ಮರೆಯಲ್ಲಿ ಕೂಡುತ್ತಿದ್ದೆ. ಅಲ್ಲಿ ಕೂಡುವುದಕ್ಕೆ ಕಾರಣವಿತ್ತು. ಮಳೆಗಾಲದ ಪಡುವಣ ಗಾಳಿ ಮೆಟ್ಟಿಲ ಕಡೆಯಿಂದ ತೂಬಿನ ಕಡೆಗೆ ಬೀಸುತ್ತದೆ. ಮೆಟ್ಟಿಲಲ್ಲಿ ಚೆಲ್ಲಿದ್ದು ತಿನ್ನದೆ ಉಳಿದರೆ ತೇಲಿ ತೂಬಿಗೇ ಬರುತ್ತದೆ, ಅದರ ಹಿಂದೆ ಮೀನೂ ಬರುತ್ತವೆ. ಹಣೆಯಲ್ಲಿ ಬಿಳಿ ಕಲೆಯಿದ್ದ ಆ ಬೊಟ್ಟಿನ ಮೀನನ್ನು ಅಲ್ಲಿ ಎಷ್ಟೋ ಸಲ ಕಂಡೆ.

ಕಂಡದ್ದಷ್ಟೇ. ಡಬ್ಬಿಯ ಎಲ್ಲ ನೊಣಗಳೂ ಸೋತವು. ಕರಿಗರಿಯದಕ್ಕೆ ಬೆರಳುದ್ದದ ಮರಿಮೀನು ಬಿದ್ದವು, ಜರಿಯದನ್ನು ಯಾವುದೂ ಮೂಸಲಿಲ್ಲ. ಆಗ ಹೊಳೆಯಿತು, ಅಳ್ಳು ತಿನ್ನುವ ಮೀನಿಗೆ ನೊಣ ಯಾಕೆ, ಅಳ್ಳನ್ನೇ ಕಟ್ಟಬೇಕು. ಬಿಳಿ ಮೇಕೆಯ ಕೂದಲು ತಂದು, ಒತ್ತಾಗಿ ಸುತ್ತಿ, ಕತ್ತರಿಯಿಂದ ದುಂಡಗೆ ಕತ್ತರಿಸಿ, ಕೊಕ್ಕೆ ಕಾಣದ ಹಾಗೆ ಅರಳಿದ ಅಳ್ಳು ಮಾಡಿದೆ. ಹಬ್ಬದ ತಟ್ಟೆಯಲ್ಲಿಟ್ಟರೆ ಯಾರೂ ಗುರುತಿಸುತ್ತಿರಲಿಲ್ಲ. ಪಂಚಮಿಯ ಹಿಂದಿನ ವಾರ ಅದನ್ನು ತೂಬಿನ ಹತ್ತಿರ ನೀರಿಗೆ ಬಿಟ್ಟೆ. ಬೊಟ್ಟಿನ ಮೀನು ಕೆಳಗಿನಿಂದ ಎದ್ದು ಬಂತು, ಮೂತಿ ಹತ್ತಿರ ತಂದಿತು, ಒಂದು ಗಳಿಗೆ ನಿಂತಿತು, ಹೊರಳಿ ಹೋಯಿತು. ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು.

ಮನೆಗೆ ಬಂದು ಡಬ್ಬಿಯನ್ನು ಗೂಡಿನಲ್ಲಿ ಒಗೆದೆ. ಅಕ್ಕ ಒಲೆಯ ಮುಂದೆ ಹಬ್ಬದ ಅಳ್ಳು ಹುರಿಯುತ್ತಿದ್ದಳು. ಎದ್ದು ಬಂದು ಡಬ್ಬಿ ತೆರೆದು, ಬಿಳಿ ಅಳ್ಳನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ತವರಿಗೆ ಬಂದ ಮೇಲೆ ಅವತ್ತು ಮೊದಲ ಸಲ ನಕ್ಕಳು.

"ಇದನ್ನ ಯಾರಿಗೆ ಕಟ್ಟೀಯೋ ಪಾಂಡು? ಬೀಗರಿಗೆ ಕೊಡಾಕೇನು?"

ನಾನು ಮುಚ್ಚಿಡಲಿಲ್ಲ. ಯಾತಕ್ಕೆ ಕಟ್ಟಿದ್ದು, ಯಾವ ಮೀನಿಗೆ, ಹೇಗೆ ಮೂಸಿ ಬಿಟ್ಟು ಹೋಯಿತು ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಒಲೆಯ ಪಕ್ಕದ ಜರಡಿಯನ್ನು ಎಳೆದುಕೊಂಡು ತಳದಲ್ಲಿ ಉಳಿದದ್ದನ್ನು ಅಂಗೈಗೆ ಹಾಕಿಕೊಂಡು ನನಗೆ ತೋರಿಸಿದಳು.

"ಬಿಳೀ ಅಳ್ಳ ಯಾರ ಒಗೀತಾರ ಕೆರಿಗೆ? ಅವು ಮನೀಗೆ. ಜರಡ್ಯಾಗ ಉಳೀತಾವಲ್ಲ, ಅರ್ಧಾ ಅರಳಿದ್ವು, ಇವನ್ನ ಒಯ್ತಿದ್ದೆ. ಮೂತಿಗೆ ಒಂದೀಟ ಬಿಳಿ, ಉಳಿದದ್ದೆಲ್ಲಾ ಕೆಂಪ ಸಿಪ್ಪಿ. ಅವಕ್ಕ ಇದಽ ರೂಢಿ."

"ಒಯ್ತಿದ್ದೆ ಅಂದ್ರ? ನೀನು?"

"ಮತ್ತ್ಯಾರು?"

ಆಗ ನನಗೆ ಗೊತ್ತಾದದ್ದು ಇಷ್ಟು. ಮಕ್ಕಳಾಗಲಿಲ್ಲವೆಂದು ಅತ್ತೆ ಅವಳಿಗೆ ಹರಕೆ ಹೇಳಿದ್ದಳು, ಮೂಕ ಜೀವಕ್ಕೆ ಉಣಿಸಿದರೆ ಉಡಿ ತುಂಬುತ್ತದೆ ಎಂದು. ಅಕ್ಕ ದಿನಾ ಬೆಳಿಗ್ಗೆ ಕೆರೆಯ ಮೆಟ್ಟಿಲಿಗೆ ಹೋಗಿ ಕೂತು, ಒಂದೊಂದೇ ಅಳ್ಳು ಹಾಕಿ, ವರ್ಷಾನುಗಟ್ಟಲೆ ಆ ಮೀನುಗಳಿಗೆ ಕೈರೂಢಿ ಮಾಡಿದಳು. ಬೊಟ್ಟಿನ ಮೀನು ಗೇಣುದ್ದ ಇದ್ದಾಗಿನಿಂದ ಅವಳ ಕೈಯಲ್ಲಿ ತಿಂದದ್ದು. ನೋಡಲು ಜನ ಸೇರಲು ಶುರುವಾದ ಮೇಲೆ ಮಾವನಿಗೆ ಅದರ ಮೇಲೆ ಮನಸ್ಸು ಬಂತು. ಹೆಂಗಸರು ಹೀಗೆ ದಂಡೆಯಲ್ಲಿ ಕೂಡುವುದು ಸರಿಯಲ್ಲವೆಂದು ಬುಟ್ಟಿಯನ್ನು ಅವಳ ಕೈಯಿಂದ ಇಸಿದುಕೊಂಡ. ಮೀನಿಗೆ ಅಳ್ಳು ಮುಖ್ಯ, ಕೈ ಯಾರದೆಂದು ಅವು ಕೇಳಲಿಲ್ಲ.

ನನಗೆ ರಕ್ತ ಕುದಿಯಿತು. "ಹಂಗಾದ್ರ ನೀನಽ ಬಾ ಯಕ್ಕಾ. ದೈವದ ಮುಂದ ನಿಂತ ಕರಿ. ನಿನ್ನ ಕೈಯಾಗ ತಿಂದ್ರ ಅವನ ಸುಳ್ಳ ಬಯಲಾಗತದ."

"ಅಂವ ಕರದ್ರ ಪುಣ್ಯಾ ಅಂತಾರ. ನಾ ಕರದ್ರ ಮಾಟಾ ಅಂತಾರ," ಎಂದಳು. ಸ್ವಲ್ಪ ಹೊತ್ತು ಬಾಣಲೆಯಲ್ಲಿ ಕೈಯಾಡಿಸಿ, "ಬೊಟ್ಟಿಂದು ಭಾಳ ದೊಡ್ಡದಾಗೇತೇನು?" ಎಂದು ಕೇಳಿದಳು. ಆಗಿದೆ ಎಂದೆ. ಅವನ ಕೈಯಲ್ಲಿ ಹೇಗೆ ತಿನ್ನುತ್ತದೆ ಎಂದಳು. ಕಂಡದ್ದನ್ನು ಹೇಳಿದೆ, ಅಂಗೈಯಿಂದ ಹೀರಿಕೊಳ್ಳುವುದನ್ನು. ಅವಳು ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಿದಳು.

ಪಂಚಮಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳೇ ನನ್ನ ಡಬ್ಬಿ ತೆಗೆದುಕೊಂಡು ಬಾಗಿಲ ಬೆಳಕಿಗೆ ಕೂತಳು. ದಾರವನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಜೇನುಮೇಣ ಸವರಿ, ಇಟ್ಟಿಗೆ ಬಣ್ಣದ ರೇಷ್ಮೆಯನ್ನು ಕೊಕ್ಕೆಯ ಮೇಲೆ ಸುತ್ತುತ್ತ ಹೋದಳು. ಮೈಯೆಲ್ಲ ಕೆಂಪು ಸಿಪ್ಪೆ. ಮೂತಿಯಲ್ಲಿ ಮಾತ್ರ ಒಂದು ಚಿಟಿಕೆ ಬಿಳಿ ಕೂದಲು, ಅದೂ ಓರೆಯಾಗಿ, ಬೆಂಕಿ ಸಾಲದೆ ಅರ್ಧಕ್ಕೇ ನಿಂತ ಅಳ್ಳಿನ ಹಾಗೆ. ನಾನು ವರ್ಷಗಟ್ಟಲೆ ಕಟ್ಟಿದ ನೊಣಗಳು ಅದರ ಮುಂದೆ ಹುಡುಗಾಟ ಅನ್ನಿಸಿದವು. ಅಂಥದೇ ಇನ್ನೊಂದು ಕಟ್ಟಿದಳು. ಆಮೇಲೆ ಇಕ್ಕಳ ತೆಗೆದುಕೊಂಡು ಎರಡನೆಯದರ ಕೊಕ್ಕೆಯ ತುದಿಯಲ್ಲಿ ಮೀನಿನ ಬಾಯಿಗೆ ನಾಟಿ ಹಿಡಿಯುವ ಮುಳ್ಳನ್ನು ಚಟ್ಟನೆ ಮುರಿದಳು.

"ಇದೊಂದು ಮುಳ್ಳ ಇದ್ದದ್ದು, ಇದೊಂದು ಮುಳ್ಳ ಇಲ್ಲದ್ದು," ಎಂದು ಎರಡನ್ನೂ ಡಬ್ಬಿಯಲ್ಲಿ ಅಕ್ಕಪಕ್ಕ ಇಟ್ಟಳು. "ಯಾವ್ದ ಬೇಕೋ ಅದನ್ನ ಆರಿಸಿಕೋ."

ಯಾವುದು ಎಂದು ನಾನು ಕೇಳಿದೆ. ಅವಳು ಮೇಣ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

ನೂಲ ಹುಣ್ಣಿಮೆಯ ಹಿಂದಿನ ಸಂಜೆ ಸೈಕಲ್ಲಿನಲ್ಲಿ ಬಬಲೇಶ್ವರಕ್ಕೆ ಹೋಗಿ ಗೆಳೆಯನೊಬ್ಬನ ಮನೆಯಲ್ಲಿ ಮಲಗಿದೆ. ನಸುಕಿಗೆದ್ದು ಬೆಳಕು ಹರಿಯುವಷ್ಟರಲ್ಲಿ ಮಮದಾಪುರದ ತೂಬಿನ ಹತ್ತಿರ ಇದ್ದೆ. ಮಳೆ ಇರಲಿಲ್ಲ. ಮೋಡ ತಗ್ಗಿನಲ್ಲಿ ನಿಂತಿತ್ತು, ಗಾಳಿ ಹದವಾಗಿ ಪಡುವಣದಿಂದ ಬೀಸುತ್ತಿತ್ತು. ಕೋಲು ಜೋಡಿಸಿ, ಡಬ್ಬಿಯನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡೆ.

ನನ್ನ ಬಿಳಿ ಅಳ್ಳನ್ನು ಮೊದಲು ಬದಿಗೆ ಸರಿಸಿದೆ. ಉಳಿದವು ಅಕ್ಕನ ಎರಡು. ಮೇಲಿಂದ ನೋಡಿದರೆ ಅವಳಿ ಮಕ್ಕಳು. ಮುಳ್ಳಿಲ್ಲದ್ದನ್ನು ಹಾಕಿದರೂ ಕೆಲಸವಾಗುತ್ತಿತ್ತು, ಅದು ನನಗೆ ಗೊತ್ತಿತ್ತು. ಮೀನು ಬಾಯಿ ಹಾಕುತ್ತದೆ, ಜಗ್ಗಿದರೆ ಬೆದರಿ ಉಗುಳುತ್ತದೆ, ಆಳಕ್ಕೆ ಇಳಿದು ಅವತ್ತೊಂದು ದಿನ ಮೇಲೆ ಬರುವುದಿಲ್ಲ. ದೈವ ಕೂಡುವುದೂ ಅವತ್ತೊಂದೇ ದಿನ. ಜೀವ ಉಳಿಯುತ್ತದೆ, ಅಕ್ಕ ಸಾಕಿದ್ದು ಉಳಿಯುತ್ತದೆ. ಒಳ್ಳೆಯ ಮನುಷ್ಯ ಅದನ್ನೇ ಆರಿಸುತ್ತಿದ್ದ. ಅದನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ಕೂತೆ. ಅಕ್ಕ ಮುಳ್ಳು ಮುರಿದದ್ದು ಇದನ್ನು ಹಾಕಲಿ ಎಂದೇ ಇರಬೇಕು ಎನ್ನಿಸಿತು. ಆದರೆ ಅವಳ ಬಾತ ಕೈ ಕಣ್ಣ ಮುಂದೆ ಬಂತು. ಕೈ ನೀರಲ್ಲಿಟ್ಟುಕೊಂಡು ಸುಳ್ಳು ಹೇಳಿದವನ ಗಂಧದ ಹಣೆ ಬಂತು. ಅವನ ಸಾಕ್ಷಿ ಒಂದು ದಿನ ತಪ್ಪಿದರೆ ನನಗೆ ಸಾಲದು. ನಾಳೆ, ನಾಡಿದ್ದು, ಅವನು ಬದುಕಿರುವವರೆಗೂ ಆ ಮೆಟ್ಟಿಲಲ್ಲಿ ಕೂತು ಚಪ್ಪಾಳೆ ತಟ್ಟಬೇಕು, ಅದು ಬರಬಾರದು. ಮುಳ್ಳಿದ್ದದ್ದನ್ನು ದಾರಕ್ಕೆ ಕಟ್ಟಿದೆ.

ಚೀಲದಲ್ಲಿದ್ದ ಜರಡಿಯ ಅಳ್ಳನ್ನು ಒಂದು ಹಿಡಿ ನೀರಿಗೆ ಚೆಲ್ಲಿ ನಡುವೆ ನನ್ನದನ್ನು ಬಿಟ್ಟೆ. ಕೆಂಪು ಸಿಪ್ಪೆಯ ಅಳ್ಳುಗಳು ಅಲುಗುತ್ತ ನಿಂತವು, ಅಕ್ಕನದು ಯಾವುದೆಂದು ನನಗೇ ಗುರುತು ಹತ್ತಲಿಲ್ಲ. ಚಿಕ್ಕವು ಮೊದಲು ಬಂದವು. ಆಮೇಲೆ ನೀರು ಒಳಗಿನಿಂದ ಉಬ್ಬಿತು, ಬಿಳಿ ಬೊಟ್ಟು ಮೇಲೆ ಬಂತು. ಅದು ಮೂಸಲಿಲ್ಲ, ನಿಲ್ಲಲಿಲ್ಲ. ಮನೆಯ ಊಟಕ್ಕೆ ಬಾಯಿ ತೆರೆದ ಹಾಗೆ ಬಾಯಿ ತೆರೆದು ನುಂಗಿತು.

ಕೋಲು ಬಾಗಿ ನೀರಿಗೆ ಮುಟ್ಟಿತು. ಗಾಲಿ ಕಿರುಚಿತು, ದಾರ ನನ್ನ ಬೆರಳನ್ನು ಕೊಯ್ದಿತು. ಅದು ಕೆರೆಯ ನಡುವಿಗೆ ಓಡಿತು, ದಂಡೆಯ ಕಲ್ಲಿಗೆ ತಿರುಗಿತು, ಕೆಸರು ಕದಡಿತು. ಉಳಿದ ಮೀನುಗಳು ಗುಂಪು ಒಡೆದು ಚೆಲ್ಲಾಪಿಲ್ಲಿಯಾಗಿ ಆಳಕ್ಕೆ ಓಡಿದ್ದನ್ನು ನೋಡಿದೆ, ಹೀಗೆ ಬೆದರಿದವು ಅವತ್ತು ಯಾವುವೂ ಮೇಲೆ ಬರುವುದಿಲ್ಲ. ನನ್ನ ಬಾಯಲ್ಲಿ ಹಲ್ಲು ಕಚ್ಚಿಕೊಂಡು ಬೈಗುಳವೊಂದೇ ಬರುತ್ತಿತ್ತು, ಮೀನಿಗಲ್ಲ, ಅವನಿಗೆ. ಸೂರ್ಯ ಮೋಡದಿಂದ ಹೊರಗೆ ಬರುವ ಹೊತ್ತಿಗೆ ಅದು ಸೋತು ಮಗ್ಗುಲಾಯಿತು. ಮೊಣಕಾಲುದ್ದ ನೀರಿಗಿಳಿದು, ಕಿವಿರಿಗೆ ಬೆರಳು ಹಾಕಿ, ತಬ್ಬಿಕೊಂಡು ದಂಡೆಗೆ ತಂದೆ. ಒದ್ದೆ ಗೋಣಿಯಲ್ಲಿ ಸುತ್ತಿ ಜಾಲಿಗಿಡದ ಬುಡದಲ್ಲಿ ಸೈಕಲ್ಲಿನ ಜೊತೆ ಮುಚ್ಚಿಟ್ಟು, ಕೈಗೆ ಮಣ್ಣು ಉಜ್ಜಿ ತೊಳೆದುಕೊಂಡೆ.

ಬಿಸಿಲೇರುವ ಹೊತ್ತಿಗೆ ದೈವದವರು ಬಂದರು. ಹುಣ್ಣಿಮೆಯ ಹೊಸ ಜನಿವಾರ ಹಾಕಿಕೊಂಡು, ಊಟಕ್ಕೆ ಮುಂಚೆ ನ್ಯಾಯ ಮುಗಿಸೋಣವೆಂದು ಮೆಟ್ಟಿಲಲ್ಲಿ ಕೂತರು. ಬಸ್ಸಿನಲ್ಲಿ ಬಂದಿದ್ದ ಅಪ್ಪ ಒಂದು ಮೂಲೆಯಲ್ಲಿ, ನಾನು ಅವನ ಹಿಂದೆ. ಮಾವ ಹೊಸ ಧೋತರ ಉಟ್ಟಿದ್ದ. ಯಾರೂ ಕೇಳದಿದ್ದರೂ ಅವನೇ ಬುಟ್ಟಿ ಹಿಡಿದು ಎದ್ದು ನಿಂತು ಆಣೆ ಮಾಡಿದ.

"ಹಿರ್ಯಾರ ಮುಂದ ಹೇಳತೇನ್ರಿ. ನಾ ಆಕಿನ್ನ ಹೊರಗ ಹಾಕಿದ್ದಾದ್ರ, ಈ ಗಂಗವ್ವನ ಮಕ್ಕಳು ಇವತ್ತಿಂದ ನನ್ನ ಕೈ ಮುಟ್ಟೂದ ಬ್ಯಾಡ."

ಮನುಷ್ಯನ ಹೆಮ್ಮೆ ಎಲ್ಲಿಗೆ ಒಯ್ಯುತ್ತದೆ ನೋಡಿ. ಆಣೆ ಮಾಡು ಎಂದು ನಾವು ಕೇಳಿದ್ದರೆ ಮಾಡುತ್ತಿದ್ದನೋ ಇಲ್ಲವೋ.

ಚಪ್ಪಾಳೆ ತಟ್ಟಿ ಅಳ್ಳು ಎರಚಿದ. ಅಳ್ಳು ತೇಲಿದವು. ಗಾಳಿ ಅವನ್ನು ಮೆಲ್ಲಗೆ ತೂಬಿನ ಕಡೆ ತಳ್ಳಿಕೊಂಡು ಹೋಯಿತು. ಮತ್ತೆ ತಟ್ಟಿದ, ಮತ್ತೆ ಎರಚಿದ. ಮೊದಲು ಹಿರಿಯರು ತಮ್ಮ ತಮ್ಮಲ್ಲಿ ಮಳೆ-ಬೆಳೆ ಮಾತಾಡುತ್ತಿದ್ದರು, ನಂತರ ಒಬ್ಬೊಬ್ಬರಾಗಿ ನೀರಿನ ಕಡೆ ತಿರುಗಿದರು. ಮಾವ ಎರಡು ಮೆಟ್ಟಿಲು ಕೆಳಗಿಳಿದು, ಧೋತರ ತೊಯ್ದರೂ ಲಕ್ಷ್ಯವಿಲ್ಲದೆ, ಅಂಗೈಯಲ್ಲಿ ಅಳ್ಳು ಹಿಡಿದು ನೀರಲ್ಲಿಟ್ಟ.

"ನಾರಾಯಣಪ್ಪಾ, ಇವತ್ಯಾಕ ಬರವಲ್ವು?" ಎಂದ ಕೃಷ್ಣಪ್ಪ ಕಾಕಾ.

ಮಾವ ಬುಟ್ಟಿಯ ತಳ ಕೆರೆದು ಇನ್ನೊಂದು ಹಿಡಿ ಎರಚಿದ. ಆಗ ನಮ್ಮಪ್ಪ, ಆ ಪುಣ್ಯಾತ್ಮ, ಗಂಟಲು ಸರಿಮಾಡಿಕೊಂಡು, "ನೀರ ಕದಡೇತ್ರಿ, ಮಳಿಗಾಲ ನೋಡ್ರಿ, ಒಮ್ಮೊಮ್ಮೆ ಹಂಗಽ ಆಗತದ," ಎನ್ನಬೇಕೆ. ನಾನು ಹಿಂದಿನಿಂದ ಅವನ ಅಂಗಿಯನ್ನು ಹಿಡಿದು ಜಗ್ಗಿದೆ. ಪುಣ್ಯಕ್ಕೆ ಕಾಕಾ ಅವನಿಗೆ ಸುಮ್ಮನಿರಲು ಕೈಸನ್ನೆ ಮಾಡಿದ.

ನನಗೆ ಆವತ್ತು ಅರ್ಥವಾದದ್ದು ಒಂದು ಸಂಗತಿ. ಮಾವ ಊರಿಗೆ ಸುಳ್ಳು ಹೇಳುತ್ತ ಹೇಳುತ್ತ ತಾನೇ ಅದನ್ನು ನಂಬಿಬಿಟ್ಟಿದ್ದ. ಮೀನು ಬರುವುದು ತನ್ನ ಪುಣ್ಯಕ್ಕೇ ಎಂದು ಅವನಿಗೆ ನಿಜವಾಗಿ ಅನ್ನಿಸಿತ್ತು. ಈಗ ಅವು ಬಾರದಿದ್ದಾಗ ಅದು ಗಾಳಿಯೋ ಕೆಸರೋ ಎಂದು ಯೋಚಿಸುವ ತ್ರಾಣ ಅವನಿಗೆ ಉಳಿಯಲಿಲ್ಲ. ಖಾಲಿ ನೀರನ್ನು ನೋಡುತ್ತ ನೋಡುತ್ತ ಮುಖದ ಗಂಧ ಬೆವರಿಗೆ ಇಳಿಯಿತು. ಒದ್ದೆ ಮೆಟ್ಟಿಲ ಮೇಲೆ ಕುಸಿದು ಕೂತ.

"ಬಾಗಲಾ ಹಾಕ್ಕೊಂಡಾಂವ ನಾನಽ ರಿ," ಎಂದ. ಧ್ವನಿ ಬಾಯಿಂದ ಹೊರಗೆ ಬೀಳಲಿಲ್ಲ.

"ಇನ್ನೊಮ್ಮೆ ಹೇಳು. ಎಲ್ಲಾರಿಗೂ ಕೇಳಬೇಕು," ಎಂದ ಕಾಕಾ.

"ನಾನಽ ಹೊರಗ ಹಾಕೀನ್ರಿ ಆಕಿನ್ನ. ಆಕಿದೇನೂ ತಪ್ಪಿಲ್ಲ."

ಕಾಕಾ ಮೂರನೆಯ ಸಲವೂ ಹೇಳಿಸಿದ್ದರೆ ನನಗೆ ಬೇಸರವಾಗುತ್ತಿರಲಿಲ್ಲ. ಕಸ್ತೂರಿಗೆ ಯಾವ ದೋಷವೂ ಇಲ್ಲ, ಅವಳು ತಾಳಿ ಪೋಣಿಸಬಹುದು, ನಾರಾಯಣನ ಇನ್ನೊಂದು ಲಗ್ನಕ್ಕೆ ದೈವದ ಒಪ್ಪಿಗೆ ಇಲ್ಲ ಎಂದು ಅಲ್ಲೇ ಮಾತು ಮುಗಿಯಿತು. ಸೊಲ್ಲಾಪುರದ ಹುಡುಗಿ ಅವನಿಗೆ ಸಿಗಲಿಲ್ಲ. ಆ ಮನುಷ್ಯ ಸಾಯುವವರೆಗೂ ದಿನಾ ಬೆಳಿಗ್ಗೆ ಬುಟ್ಟಿ ಹಿಡಿದು ಆ ಮೆಟ್ಟಿಲಿಗೆ ಇಳಿಯುತ್ತಿದ್ದನಂತೆ. ಚಿಕ್ಕವು ಮುಂದೆ ಬಂದವೋ ಏನೋ, ಬೊಟ್ಟಿನದು ಬರಲಿಲ್ಲ. ಅದನ್ನು ಕೇಳಿದಾಗಲೆಲ್ಲ ನನಗೆ ಊಟ ರುಚಿಸುತ್ತಿತ್ತು.

ಅಪ್ಪ ಬಸ್ಸಿನಲ್ಲಿ ನನಗಿಂತ ಮುಂಚೆ ಮನೆ ಸೇರಿ ಸುದ್ದಿ ಹೇಳಿದ್ದ. ಮೂಕ ಜೀವಗಳೇ ಸತ್ಯ ಹೇಳಿದವೆಂದು ಕಣ್ಣೊರೆಸಿಕೊಳ್ಳುತ್ತಿದ್ದ. ಕೊನೆಯವರೆಗೂ ಅವನು ಹಾಗೆಯೇ ನಂಬಿದ್ದ, ನಾನು ನಂಬಲು ಬಿಟ್ಟೆ. ನಾನು ಸೈಕಲ್ಲನ್ನು ಹಿತ್ತಲಿನ ಬಾಗಿಲಿಂದ ತಂದೆ. ಅಕ್ಕ ಅಲ್ಲೇ ನಿಂತಿದ್ದಳು. ಗೋಣಿಯನ್ನು ನೋಡಿದಳು, ಬಿಚ್ಚಿದಳು. ಹಣೆಯ ಬಿಳಿ ಕಲೆಯ ಮೇಲೆ ಬೆರಳಿಟ್ಟಳು. ನನಗೆ ಹೆದರಿಕೆಯಾಯಿತು.

"ಮುಳ್ಳ ಇದ್ದದ್ದ ಹಾಕಿದೆ ಯಕ್ಕಾ," ಎಂದೆ. "ನೀ ಆ ಮುಳ್ಳ ಮುರದದ್ದ ಯಾಕ ಕಟ್ಟಿದ್ದಿ?"

"ನೀ ಅಪ್ಪನಂಗ ಆಗೀಯೋ ಏನೋ ನೋಡಬೇಕಾಗಿತ್ತು," ಎಂದಳು. ಅಷ್ಟು ಹೇಳಿ ಈಳಿಗೆ ತರಲು ಒಳಗೆ ಹೋದಳು.

ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಮೀನು-ಮಾಂಸ ತರುವುದಿಲ್ಲ, ಅದರಲ್ಲೂ ಹುಣ್ಣಿಮೆ. ಅವ್ವ ಅಡಿಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. ಅಕ್ಕ ವಾದ ಮಾಡಲಿಲ್ಲ. ಹಿತ್ತಲಲ್ಲಿ ಕಲ್ಲು ಹೂಡಿ ಒಲೆ ಮಾಡಿ, ಮೀನನ್ನು ತಾನೇ ಕೊಯ್ದು, ಹುಣಸೆಹುಳಿ, ಖಾರ ಹಚ್ಚಿ ಕುದಿಸಿದಳು. ಒಂದು ಗಂಗಾಳದಲ್ಲಿ ರೊಟ್ಟಿ ಮುರಿದು ಹಾಕಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತಳು. ಅವ್ವ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಅಕ್ಕ ಯಾವಾಗಲೋ ಅವಳಿಗೆ ಆ ಮೀನಿನ ವಿಷಯ ಹೇಳಿಕೊಂಡಿದ್ದಳೆಂದು ಕಾಣುತ್ತದೆ.

"ಏನಽ ಕಸ್ತೂರಿ," ಎಂದಳು ಅವ್ವ, ಧ್ವನಿ ಸಣ್ಣದಾಗಿ. "ಅದು ನೀ ಸಾಕಿದ್ದಲ್ಲೇನು? ಮರಿ ಇದ್ದಾಗಿಂದ ನಿನ್ನ ಕೈಯಾಗ ತಿಂದದ್ದು?"

ಅಕ್ಕ ಮುಳ್ಳು ಬಿಡಿಸಿ ತುಂಡನ್ನು ಬಾಯಿಗಿಟ್ಟುಕೊಂಡು ಪೂರ್ತಿ ಅಗಿದು ನುಂಗಿದಳು.

"ಹೌದು ಬೇ, ನಾನಽ ಸಾಕಿದ್ದು," ಎಂದಳು. "ಆದ್ರ ಅವನ ಕೈಯಾಗೂ ತಿಂತು."